ನೀನು ಬಗ್ಗಿ ನೋಡದ ಬಾಯ್ಲರ್

ಶನಿವಾರ, ಮಧ್ಯಾಹ್ನ
ಲಾಂಡ್ರಿಯ ಮಾಳಿಗೆಯಿಂದ, ಚಾದರಗಳು ಒಣಗುತ್ತಿರುವ ಹೊತ್ತಿನಲ್ಲಿ

ನನ್ನ ಮೊಂಡಿಗೆ,

ಅಮ್ಮನ ಪ್ರೀತಿ. ಈ ಸಲ ಅದರ ಜೊತೆಗೆ ಸಿಟ್ಟೂ ಇದೆ. ಎರಡನ್ನೂ ಬೇರೆ ಬೇರೆ ಮಾಡಿ ಕಳಿಸುವಷ್ಟು ಪುರುಸೊತ್ತು ನನಗಿಲ್ಲ, ಒಟ್ಟಿಗೇ ತೆಗೆದುಕೋ.

ನಿಮ್ಮ ಕಚೇರಿಯ ಪತ್ರ ಮೊನ್ನೆ ಬಂತು. ‘ಮಾನ್ಯ ಮಾಲೀಕರೇ’ ಎಂದು ಶುರುವಾಗಿ ‘ತಮ್ಮ ವಿಶ್ವಾಸಿ’ ಎಂದು ಮುಗಿದಿದೆ, ಕೆಳಗೆ ನಿನ್ನ ಸಹಿ. ನಮ್ಮ ಬಾಯ್ಲರ್ ‘ಸುಸ್ಥಿತಿಯಲ್ಲಿದ್ದು, ಇತ್ತೀಚೆಗೆ ಸರ್ವಿಸ್ ಮಾಡಿಸಿದಂತೆ’ ಕಂಡಿದೆಯಂತೆ. ಆದ್ದರಿಂದ ಪಳೆಯುಳಿಕೆ ಇಂಧನದ ಬಳಕೆ ನಿಲ್ಲಿಸಿದ ಸ್ಥಳಗಳ ದಾಖಲೆಗೆ ನಮ್ಮ ಲಾಂಡ್ರಿಯನ್ನು ಸೇರಿಸಲು ಬರುವುದಿಲ್ಲವಂತೆ. ಒಂದು ವರ್ಷ ಕಳೆದ ಮೇಲೆ ಮತ್ತೆ ಅರ್ಜಿ ಹಾಕಬಹುದಂತೆ. ಎಷ್ಟು ಮರ್ಯಾದೆಯಾಗಿ ಬರೆದಿದ್ದೀಯ ಎಂದರೆ, ಓದಿ ಮುಗಿಸಿದ ಮೇಲೆ ನನಗೆ ಬೈಗುಳವೇ ವಾಸಿ ಅನ್ನಿಸಿತು.

ಎಲ್ಲರಿಗೂ ಕೇಳಲಿ ಎಂದು ಜೋರಾಗಿಯೇ ಓದಿದೆ. ಇಸ್ತ್ರಿ ಅಕ್ಕ ಕೈಯಲ್ಲಿದ್ದ ಪೆಟ್ಟಿಗೆ ಕೆಳಗಿಟ್ಟು, ಹಾಗಂದ್ರೆ ಯಾವ ಇಂಧನ ಎಂದು ಕೇಳಿದಳು. ನೆಲ ಅಗೆದು ತೆಗೆಯುವ ಎಣ್ಣೆ, ಕಲ್ಲಿದ್ದಲು, ಗ್ಯಾಸು, ಎಲ್ಲ ಸೇರಿ ಅದೇ ಹೆಸರು ಎಂದೆ. “ಅದನ್ನೆಲ್ಲ ಬಿಟ್ಟು ಎರಡು ವರ್ಷ ಆಯ್ತಲ್ಲ ಅಮ್ಮಾ, ನಿಮ್ಮ ಮಗಳಿಗೆ ಗೊತ್ತಿಲ್ವಾ?” ಎಂದಳು. ನಾನು ಬಕೆಟ್ ತೆಗೆದುಕೊಂಡು ಹೋದೆ. ಬಕೆಟ್ಟಿನ ಅವಶ್ಯಕತೆ ಇರಲಿಲ್ಲ.

ಮೊದಲು ಕೆಲಸದ ಮಾತು ಮುಗಿಸುತ್ತೇನೆ. ನಿನ್ನ ದಾಖಲೆಯಲ್ಲಿ ಹೆಸರಿದ್ದವರಿಗೆ ಮಾತ್ರ ಮುಂದಿನ ತಿಂಗಳಿನಿಂದ ತನ್ನ ಬಟ್ಟೆ ಕೊಡುವುದಾಗಿ ಆಸ್ಪತ್ರೆ ಹೇಳಿದೆ. ಇದು ನಿನಗೆ ಗೊತ್ತು. ಆಸ್ಪತ್ರೆಯ ಚಾದರಗಳು ನಿಂತರೆ ನಮ್ಮಲ್ಲಿ ಉಳಿಯುವುದು ಎರಡು ಹೋಟೆಲುಗಳ ಮೇಜಿನ ಬಟ್ಟೆ, ಅಷ್ಟೇ. ಅದಕ್ಕೆ ನಾನೊಬ್ಬಳು ಸಾಕು. ಇಸ್ತ್ರಿ ಅಕ್ಕನೂ ಉಳಿದ ಹೆಂಗಸರೂ ಮನೆಗೆ ಹೋಗಬೇಕಾಗುತ್ತದೆ. ಇದೂ ನಿನಗೆ ಗೊತ್ತು. ಇಷ್ಟೆಲ್ಲ ಗೊತ್ತಿದ್ದೂ ಸಹಿ ಹಾಕಿದ್ದಕ್ಕೆ ನನಗೆ ಬೇಸರವಿಲ್ಲ. ನಿಜವಾಗಿ ನೋಡಿ ಹಾಕಿದ್ದರೆ ನಿನ್ನ ಬೆನ್ನು ತಟ್ಟುತ್ತಿದ್ದೆ. ನೀನು ನೋಡಲಿಲ್ಲ.

ಪರಿಶೀಲನೆಗೆ ಬಂದ ದಿನವನ್ನು ನೆನಪು ಮಾಡಿಕೋ. ಬಾಗಿಲಲ್ಲಿ ನಿಂತು, ಹುಟ್ಟಿದ ಮನೆಯ ಹೊಸ್ತಿಲ ಮೇಲೆಯೇ, “ಮಾಲೀಕರು ಯಾರು? ಒಳಗೆ ಬರಬಹುದಾ?” ಎಂದು ಕೇಳಿದೆ. ನಾನೂ ಕಮ್ಮಿಯವಳೇ? “ಬನ್ನಿ ಮೇಡಂ, ನೆಲ ಒದ್ದೆ ಇದೆ, ಹುಷಾರು” ಎಂದೆ. ಇಸ್ತ್ರಿ ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕದ್ದನ್ನು ನೀನು ನೋಡಿದೆ, ನೋಡದವಳಂತೆ ಬರೆದುಕೊಳ್ಳುತ್ತಾ ಹೋದೆ. ನನಗೆ ಟೀ ಬೇಡ ಎಂದೆ ನೀನು. ಫೋಟೋ ತೆಗೆಯಲು ನಿನ್ನ ಜೊತೆ ಬಂದಿದ್ದ ಕ್ಯಾಮೆರಾದವರು ಮಾತ್ರ ಪಾಪ, ಎರಡು ಲೋಟ ಕುಡಿದರು.

ಮಾಳಿಗೆಯ ಮೇಲೆ ನೀರು ಕಾಯಿಸುವ ಬಿಸಿಲ ಕೊಳವೆಗಳನ್ನೂ ಕರೆಂಟು ಕೊಡುವ ಸೋಲಾರ್ ಹಲಗೆಗಳನ್ನೂ ನೀನು ಎಣಿಸಿದೆ. ಹಾಲಿನ ಡೇರಿಯವರು ಬಿಸಾಡಿದ್ದ ದೊಡ್ಡ ತೊಟ್ಟಿಗೆ ಹಳೆಯ ಕಂಬಳಿ ಸುತ್ತಿ ಬಿಸಿನೀರು ಹಿಡಿದಿಡುವುದನ್ನು ಮುಟ್ಟಿ ನೋಡಿದೆ. ಗುಡ್ಡದ ಗಾಳಿಯಂತ್ರಗಳಿಂದ ಬರುವ ಕರೆಂಟಿನ ಮೀಟರು ನೋಡಿದೆ. ಆಮೇಲೆ ಹಿಂದಿನ ಕೋಣೆಗೆ ಬಂದೆ. ಬಾಯ್ಲರ್ ನೋಡಿದ ತಕ್ಷಣ ನಿನ್ನ ಮುಖ ಗಂಟಿಕ್ಕಿತು.

ಯಾಕೆ ಗಂಟಿಕ್ಕಿತು ಎಂದು ಆಮೇಲೆ ಕ್ಯಾಮೆರಾದವರಿಂದ ತಿಳಿಯಿತು. ನಿಮ್ಮ ಕೆಲಸದಲ್ಲಿ ತುಕ್ಕು, ಧೂಳು, ಜೇಡರ ಬಲೆ ಕಂಡರೆ ಸಂತೋಷವಂತೆ. ಅವಿದ್ದರೆ ಒಲೆ ಸತ್ತಿದೆ ಎಂದು ಅರ್ಥವಂತೆ. ಬಿಳಿ ಬಟ್ಟೆಯಿಂದ ಒರೆಸಿದಾಗ ಧೂಳು ಬರಬೇಕಂತೆ. ನಮ್ಮ ಬಾಯ್ಲರಿನ ಹಿಂಬದಿಯನ್ನು ನೀನು ಒರೆಸಿದಾಗ ಬಟ್ಟೆ ಇದ್ದ ಹಾಗೇ ಇತ್ತು. ಹಿತ್ತಾಳೆಯ ತಿರುಪುಗಳು ಫಳಫಳ ಹೊಳೆಯುತ್ತಿದ್ದವು, ಮೈಗೆಲ್ಲ ಬಣ್ಣ ಬಳಿದಂತಿತ್ತು. ಇಷ್ಟು ಚೊಕ್ಕ ಇಟ್ಟಿದ್ದಾರೆ ಎಂದ ಮೇಲೆ ಗುಟ್ಟಾಗಿ ಉರಿಸುತ್ತಿದ್ದಾರೆ ಎಂದು ತೀರ್ಮಾನ ಮಾಡಿದೆ.

ಮೊಂಡಿ, ನಾವು ಲಾಂಡ್ರಿಯವರು! ತಪಾಸಣೆಗೆ ಜನ ಬರುತ್ತಾರೆ ಎಂದು ಗೊತ್ತಾದ ಮೇಲೆ ಇಡೀ ಕಟ್ಟಡದಲ್ಲಿ ಒಂದು ಕೊಳಕು ವಸ್ತುವನ್ನು ನಾವು ಹಾಗೇ ಬಿಡುತ್ತೇವೆಯೇ? ಹಿಂದಿನ ದಿನ ಎಲ್ಲರೂ ಸೊಂಟ ಕಟ್ಟಿ ನಿಂತೆವು. ಎರಡು ವರ್ಷದ ಜೇಡರ ಬಲೆ, ತುಕ್ಕು, ಮೇಲೆ ಗೂಡು ಕಟ್ಟಿ ಹಾರಿಹೋಗಿದ್ದ ಪಾರಿವಾಳದ ಗಲೀಜು, ಎಲ್ಲವನ್ನೂ ಸೋಪು ಹಾಕಿ ತಿಕ್ಕಿದೆವು. ಇಸ್ತ್ರಿ ಅಕ್ಕ ಹುಣಸೆಹಣ್ಣು ತಂದು ಹಿತ್ತಾಳೆ ಉಜ್ಜಿದಳು. “ನಿಮ್ಮ ಮಗಳು ಬರ್ತಾಳೆ, ಮಾನ ಕಳ್ಕೋಬಾರದು” ಎಂದಳು. ನಮ್ಮ ಪರವಾಗಿ ಇದ್ದ ಸಾಕ್ಷಿಯನ್ನೆಲ್ಲ ನಮ್ಮ ಕೈಯಿಂದಲೇ ತೊಳೆದು ಚರಂಡಿಗೆ ಬಿಟ್ಟೆವು. ಈಗ ನೆನಪಿಸಿಕೊಂಡರೆ ನಗು ಬರುತ್ತದೆ, ಆಮೇಲೆ ಆಸ್ಪತ್ರೆಯ ನೆನಪಾಗಿ ನಗು ನಿಲ್ಲುತ್ತದೆ.

ಬೇರೆ ಯಾರಾದರೂ ಅಧಿಕಾರಿ ಬಂದು ಮೋಸಹೋಗಿದ್ದರೆ ನಾನು ಒಪ್ಪುತ್ತಿದ್ದೆ. ನೀನು ಈ ಮನೆಯಲ್ಲಿ ಬೆಳೆದವಳು. ಸ್ಕೂಲಿನಿಂದ ಬಂದರೆ ಚೀಲವನ್ನೂ ಸೇರಿಸಿ ನಿನ್ನನ್ನು ತೊಳೆಯುತ್ತಿದ್ದವಳು ನಾನು. ಒಂದು ಸಲ ಬೆರಳ ಸಂದಿಯಲ್ಲೆಲ್ಲ ಬೂದು ಮಣ್ಣು ಮೆತ್ತಿಕೊಂಡು ಬಂದು, ತೊಳೆಯಬೇಡ ಎಂದು ನೀನು ನೆಲಕ್ಕೆ ಬಿದ್ದು ಹೊರಳಿದ್ದೆ. ಆದರೂ ಬಿಡದೆ ತಿಕ್ಕಿ ತೊಳೆದೆ, ನೀನು ಸಂಜೆಯವರೆಗೂ ಅತ್ತೆ. ನಿನ್ನ ಅಪ್ಪ ನನ್ನ ಮೇಲೆ ಸಿಟ್ಟಾಗಿ ಊಟಕ್ಕೇ ಬರಲಿಲ್ಲ. ಇಂಥ ಅಮ್ಮ ಬಾಯ್ಲರನ್ನು ತೊಳೆಯದೆ ಬಿಟ್ಟಾಳೇ ಎಂದು ಒಂದು ಗಳಿಗೆ ಯೋಚಿಸಿದ್ದರೆ ಸಾಕಾಗಿತ್ತು.

ಬಾಯ್ಲರಿನ ಒಳಗೂ ಶುಚಿಯಾಗಿತ್ತು, ಅದೇ ದೊಡ್ಡ ಅನುಮಾನ ಎಂದು ಪತ್ರದಲ್ಲಿ ಬರೆದಿದ್ದೀಯ. ಹೌದು. ಒಳಗೆ ನುಸುಳಿ ಮಸಿ ತೆಗೆದವಳು ನಾನೇ. ನಾವು ಆ ಬಾಗಿಲಲ್ಲಿ ಸಿಕ್ಕಿಹಾಕಿಕೊಂಡರೆ ತೆಗೆಯಲು ಫಿಟ್ಟರನ್ನೇ ಕರೆಯಬೇಕು ಎಂದು ಉಳಿದವರು ತಮಾಷೆ ಮಾಡುತ್ತಾ ನನ್ನನ್ನು ದಬ್ಬಿದರು. ಹೊರಗೆ ಬಂದಾಗ ನನ್ನ ಮುಖ ಪೂರಾ ಕಪ್ಪಾಗಿ ಕಣ್ಣಿನ ಕೆಳಗೆ ಮಾತ್ರ ಎರಡು ಗೆರೆ ಬೆಳ್ಳಗಿತ್ತಂತೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಕಣ್ಣಿಗೆ ಮಸಿ ಬಿದ್ದಿದೆ ಎಂದೆ. ಮಾರನೆಯ ದಿನ ನೀನು ಬಂದಾಗ ನನ್ನ ಮಾತು ಒರಟಾಗಿತ್ತು, ಅದಕ್ಕೂ ಕಾರಣ ಆ ಮಸಿಯೇ ಎಂದು ಇಟ್ಟುಕೋ.

“ಉಪಯೋಗಿಸೋದಿಲ್ಲ ಅಂದ್ರೆ ಇನ್ನೂ ಯಾಕೆ ಇಟ್ಕೊಂಡಿದೀರಿ?” ಎಂದು ನೀನು ಕೇಳಿದೆ. “ಮೊದಲು ಬಾಯ್ಲರ್ ಇಟ್ಟು ಆಮೇಲೆ ಗೋಡೆ ಕಟ್ಟಿದ್ದಾರೆ ಮೇಡಂ, ಬಾಗಿಲಲ್ಲಿ ಹೊರಗೆ ಹೋಗಲ್ಲ” ಎಂದೆ. ಅದು ಸುಳ್ಳಲ್ಲ. ಅಷ್ಟೇ ಕಾರಣವೂ ಅಲ್ಲ. ಕ್ಯಾಮೆರಾದವರು ಒಳಗೆ ಟಾರ್ಚ್ ಹಾಕಿ, “ನಮ್ಮನೆ ತಟ್ಟೆಗಳೂ ಇಷ್ಟು ಹೊಳೆಯಲ್ಲ” ಎಂದರು. ನೀನು ಆ ಒಲೆಬಾಗಿಲಿನಿಂದ ಮೂರು ಹೆಜ್ಜೆ ದೂರ ನಿಂತು ಅದನ್ನೇ ಬರೆದುಕೊಂಡೆ. ಬಗ್ಗಿ ನೋಡಿ ಮೇಡಂ ಎಂದು ನಾನು ಒಂದು ಸಲ ಹೇಳಿದೆ. ಅಗತ್ಯ ಇಲ್ಲ ಎಂದೆ ನೀನು. ಆ ಬಾಗಿಲ ಹತ್ತಿರ ಬರಲು ನಿನಗೆ ಯಾಕೆ ಆಗಲಿಲ್ಲ ಎಂದು ನನಗೆ ಅರ್ಥವಾಗುತ್ತದೆ. ನಿನ್ನ ಅಪ್ಪ ನಿಲ್ಲುತ್ತಿದ್ದ ಜಾಗ ಅದು. ಒಮ್ಮೆ ಬಾಗಿಲಿಗೆ ಸಿಕ್ಕಿ ಸೊಟ್ಟಗಾಗಿದ್ದ ಹೆಬ್ಬೆರಳಿನಿಂದ ಒತ್ತಡ ತೋರಿಸುವ ಮುಳ್ಳಿನ ಗಾಜು ತಟ್ಟುತ್ತಾ, ಕೆಮ್ಮುತ್ತಾ, ಮತ್ತೆ ತಟ್ಟುತ್ತಾ ನಿಲ್ಲುತ್ತಿದ್ದರು. ನೀನು ಈ ಕೆಲಸಕ್ಕೆ ಸೇರಿದ್ದು ಆ ಕೆಮ್ಮಿಗಾಗಿ. ನಾನು ಬಾಯ್ಲರ್ ಆರಿಸಿದ್ದೂ ಅದಕ್ಕಾಗಿಯೇ. ಇಬ್ಬರೂ ಒಂದೇ ಮನುಷ್ಯನಿಗಾಗಿ ಒಂದೇ ಕೆಲಸ ಮಾಡಿ ಈಗ ಎದುರುಬದುರು ನಿಂತಿದ್ದೇವೆ.

ನಿನ್ನ ಅಪ್ಪ ತೀರಿಹೋದ ಮೇಲೆ ಬಾಯ್ಲರಿಗೆ ಹೊಸಬನನ್ನು ಕಳಿಸಲೇ ಎಂದು ಎಣ್ಣೆಯ ಏಜೆಂಟು ಕೇಳಿದ್ದ. ಅವರು ನಿಂತ ಜಾಗದಲ್ಲಿ ಇನ್ನೊಬ್ಬಳ ಗಂಡನನ್ನು ನಿಲ್ಲಿಸುವುದಿಲ್ಲ ಎಂದೆ. ಅವನಿಗೆ ಅರ್ಥವಾಗಲಿಲ್ಲವೋ ಏನೋ, ವಾರದಲ್ಲೇ ಟ್ಯಾಂಕರ್ ಕಳಿಸಿದ. ಡ್ರೈವರ್ ಬೀದಿ ಎದ್ದು ಕೂರುವಂತೆ ಹಾರ್ನ್ ಹೊಡೆದ. ನಾವು ಗೇಟಿಗೆ ಅಡ್ಡವಾಗಿ ಹಗ್ಗ ಕಟ್ಟಿ, ಆಗಷ್ಟೇ ಹಿಂಡಿದ ಬಿಳಿ ಚಾದರಗಳನ್ನು ಸಾಲಾಗಿ ಹರವಿದೆವು. ಆ ಕಪ್ಪು ಪೈಪನ್ನು ಬಿಳಿ ಚಾದರಗಳ ನಡುವೆ ಎಳೆದುಕೊಂಡು ಬರುವ ಧೈರ್ಯ ಅವನಿಗೆ ಆಗಲಿಲ್ಲ. ಗೊಣಗುತ್ತಾ ಹಿಂದಕ್ಕೆ ತಿರುಗಿಸಿಕೊಂಡು ಹೋದ. ಆ ದಿನ ತಣ್ಣೀರಲ್ಲಿ ಒಗೆದು ನಮ್ಮ ಕೈಗಳೆಲ್ಲ ಮರಗಟ್ಟಿದವು. ಆದರೂ ಎಲ್ಲರೂ ಹಾಡು ಹೇಳಿಕೊಂಡು ಒಗೆದರು.

ಆಮೇಲೆ ಮಾಳಿಗೆಗೆ ಬಿಸಿಲ ಕೊಳವೆಗಳು ಬಂದು ನಮ್ಮ ಕೆಲಸದ ಹೊತ್ತೇ ಬದಲಾಯಿತು. ಮೊದಲು ಕತ್ತಲಿರುವಾಗಲೇ ಬಾಯ್ಲರ್ ಹೊತ್ತಿಸಿ ಶುರುಮಾಡುತ್ತಿದ್ದೆವು. ಈಗ ಬಿಸಿಲು ಏರುವವರೆಗೆ ಬಟ್ಟೆ ವಿಂಗಡಿಸುತ್ತೇವೆ, ಹರಿದದ್ದನ್ನು ಹೊಲಿಯುತ್ತೇವೆ. ಮೋಡ ಕವಿದರೆ ಹಿಂದಿನ ದಿನ ಹಿಡಿದಿಟ್ಟ ನೀರು ಇರುವಷ್ಟು ಒಗೆದು, ಮಿಕ್ಕದ್ದನ್ನು ನಾಳೆಗೆ ಎಂದು ಆಸ್ಪತ್ರೆಗೆ ಹೇಳಿ ಕಳಿಸುತ್ತೇವೆ. ಮೊದಮೊದಲು ಅವರು ಕಿರುಚಾಡಿದರು, ಆಮೇಲೆ ಎರಡು ಜೊತೆ ಚಾದರ ಹೆಚ್ಚಿಗೆ ಹೊಲಿಸಿಕೊಂಡು ಸುಮ್ಮನಾದರು. ಬಾಯ್ಲರ್ ಒಮ್ಮೆ ಹೊತ್ತಿಸಿಬಿಡೋಣ ಎಂಬ ಮಾತು ನಮ್ಮಲ್ಲಿ ಯಾರ ಬಾಯಿಂದಲೂ ಬಂದಿಲ್ಲ.

ನಿನ್ನ ಪತ್ರ ಬಂದ ಮೇಲೆ ಬೀದಿಯಲ್ಲೆಲ್ಲ ಸಲಹೆಗಳು ಶುರುವಾದವು. ಪಕ್ಕದ ಫಿಟ್ಟರ್ ಅಣ್ಣ ಬಂದು, “ಉಪ್ಪುನೀರು ಎರಚಿ ಬಿಡಿ ಅಕ್ಕಾ, ನಾಲ್ಕು ದಿನದಲ್ಲಿ ಚೆನ್ನಾಗಿ ತುಕ್ಕು ಹಿಡಿಯುತ್ತೆ. ಧೂಳು ಬೇಕಾದ್ರೆ ನನ್ನ ಅಂಗಡೀಲಿ ಬೇಕಾದಷ್ಟಿದೆ” ಎಂದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ನಾನು ಒಪ್ಪಲಿಲ್ಲ. ನಿಜವನ್ನು ನಂಬಿಸಲು ಸುಳ್ಳು ತುಕ್ಕು ಹಚ್ಚುವ ಗತಿ ನನಗೆ ಬಂದಿಲ್ಲ. ನಿನ್ನ ಮೇಲಿನ ಅಧಿಕಾರಿಯ ಹತ್ತಿರ ಹೋಗಿ ದೂರು ಕೊಡಿ ಎಂದು ಇನ್ನೊಬ್ಬರು ಹೇಳಿದರು. ಅದೂ ಆಗುವುದಿಲ್ಲ. ನನಗೂ ನಿನಗೂ ನಡುವೆ ಇರುವುದನ್ನು ಮೂರನೆಯವರ ಮೇಜಿನ ಮೇಲೆ ಇಡುವುದಿಲ್ಲ. ಒಂದು ಫೋನ್ ಮಾಡಿ ಅತ್ತುಬಿಡಿ, ಮಗಳಲ್ವಾ, ಕರಗ್ತಾಳೆ ಎಂದವರೂ ಇದ್ದಾರೆ. ಅವರಿಗೆ ನನ್ನ ಪರಿಚಯ ಸಾಲದು. ನಿನ್ನ ಪರಿಚಯವೂ ಸಾಲದು.

ನಾನು ಮಾಡಿದ್ದು ಇಷ್ಟು. ಬಟ್ಟೆಗೆ ಹಾಕುವ ನೀಲಿಯನ್ನು ಗಟ್ಟಿಯಾಗಿ ಕಲಸಿ, ಬೀದಿಗೆ ಮುಖ ಮಾಡಿದ ಗೋಡೆಯ ಮೇಲೆ ಆಳೆತ್ತರದ ಅಕ್ಷರಗಳಲ್ಲಿ ಬರೆದೆ: ‘ಇಲ್ಲಿ ಎಣ್ಣೆ ಉರಿಯುವುದಿಲ್ಲ. ಅನುಮಾನವಿದ್ದರೆ ಒಳಗೆ ಬಂದು ನೋಡಿ.’ ಹಿಂದಿನ ಕೋಣೆಯ ಬಾಗಿಲಿನ ಚಿಲಕವನ್ನೂ ಕೀಳಿಸಿದ್ದೇನೆ. ಯಾರು ಬೇಕಾದರೂ, ಯಾವಾಗ ಬೇಕಾದರೂ ಬಂದು ಬಾಯ್ಲರ್ ಮುಟ್ಟಿ ನೋಡಬಹುದು. ಜನ ಬರುತ್ತಿದ್ದಾರೆ ಕಣೇ! ತರಕಾರಿ ಮಾರುವವರು, ಸ್ಕೂಲಿನ ಮೇಷ್ಟ್ರು, ಕೆಲಸವಿಲ್ಲದೆ ಸುಮ್ಮನೆ ತಿರುಗುವವರು, ಎಲ್ಲರೂ ಬಂದು ಬಾಯ್ಲರಿನ ಹೊಟ್ಟೆ ಮೇಲೆ ಕೈ ಇಟ್ಟು, ತಣ್ಣಗಿದೆ ಎಂದು ಹೇಳಿ ಹೋಗುತ್ತಾರೆ. ಅವರ ಬೆರಳ ಗುರುತುಗಳನ್ನು ಒರೆಸಬಾರದು ಎಂದು ಹೆಂಗಸರಿಗೆ ಕಟ್ಟುನಿಟ್ಟು ಮಾಡಿದ್ದೇನೆ. ಅವರ ಕೈ ತುರಿಸುತ್ತಿದೆ, ಪಾಪ.

ಆಸ್ಪತ್ರೆಯಲ್ಲಿ ಬಟ್ಟೆಯ ಉಸ್ತುವಾರಿ ನೋಡುವ ಹಿರಿಯ ನರ್ಸ್ ಕೂಡ ನಿನ್ನೆ ಬಂದಿದ್ದರು. ತುಂಬಾ ಹೊತ್ತು ನೋಡಿದರು. “ನಂಗೆ ನಂಬಿಕೆ ಇದೆ ಅಮ್ಮಾ. ಆದ್ರೆ ನಮ್ಮ ಆಫೀಸಿನವರು ದಾಖಲೆ ಏನು ಹೇಳುತ್ತೋ ಅದನ್ನೇ ನೋಡೋದು” ಎಂದರು. ಹಾಗಾಗಿ ಊರೆಲ್ಲ ನಂಬಿದರೂ ಸಾಲದು, ನೀನು ಬರೆಯಬೇಕು. ಅದು ಗೊತ್ತಿದ್ದೇ ಈ ಪತ್ರ ಬರೆಯುತ್ತಿದ್ದೇನೆ.

ಈ ತಪಾಸಣೆಗೆ ಬೇರೆಯವರನ್ನು ಕಳಿಸುತ್ತೇನೆ ಎಂದು ನಿನ್ನ ಅಧಿಕಾರಿ ಹೇಳಿದ್ದರಂತೆ. ಇಲ್ಲ, ನಾನೇ ಹೋಗುತ್ತೇನೆ, ಯಾರೂ ನನ್ನ ಕಡೆ ಬೆರಳು ತೋರಿಸದಂತೆ ಮಾಡುತ್ತೇನೆ ಎಂದೆಯಂತೆ. ಇದನ್ನೂ ಕ್ಯಾಮೆರಾದವರೇ ಹೇಳಿದರು, ಅವರನ್ನು ಬೈಯಬೇಡ. ಮಗಳೇ, ಅಮ್ಮನ ಲಾಂಡ್ರಿ ಎಂದು ಸೇರಿಸಿದರೆ ಅದು ಪಕ್ಷಪಾತ, ಒಪ್ಪುತ್ತೇನೆ. ಅಮ್ಮನ ಲಾಂಡ್ರಿ ಎಂದು ಬಿಟ್ಟರೆ ಅದೂ ಪಕ್ಷಪಾತವೇ. ನಿನ್ನ ಹೆಸರು ಬೆಳ್ಳಗೆ ಉಳಿಯಲಿ ಎಂದು ಇಸ್ತ್ರಿ ಅಕ್ಕನ ಅನ್ನಕ್ಕೆ ಕಲ್ಲು ಹಾಕಿದ್ದೀಯ. ಬಿಳುಪಿನ ವಿಷಯ ನನಗೆ ಹೇಳಿಕೊಡಬೇಡ, ಅದು ನನ್ನ ಕಸುಬು.

ದಾಖಲೆಗೆ ಸೇರಿದವರಿಗೆ ನೀವು ಕೊಡುವ ಫಲಕ ನನಗೆ ಬೇಡ. ಗೋಡೆಗೆ ಮೊಳೆ ಹೊಡೆಯುವುದು ನನಗೆ ಇಷ್ಟವೂ ಇಲ್ಲ. ಅಭಿನಂದನೆ, ಹಾರ, ಭಾಷಣ ಒಂದೂ ಬೇಡ. ಮತ್ತೆ ಅರ್ಜಿ ಹಾಕುವುದಿಲ್ಲ, ವರ್ಷ ಕಾಯುವುದೂ ಇಲ್ಲ. ಆದರೆ ನಿಮ್ಮ ದಾಖಲೆಯಲ್ಲಿ ನಮ್ಮ ಲಾಂಡ್ರಿಯ ಮುಂದೆ ‘ಬಳಕೆಯಲ್ಲಿರುವ ಸಂಭವ’ ಎಂದು ನೀನು ಬರೆದಿದ್ದೀಯಲ್ಲ, ಅದನ್ನು ನಾನು ಬಿಡುವುದಿಲ್ಲ. ನಿನ್ನ ಅಪ್ಪನ ಎದೆಯನ್ನು ತಿಂದ ಬೆಂಕಿಯನ್ನು ನಾನು ಆರಿಸಿದೆ. ಕಾಗದದ ಮೇಲೆ ಅದನ್ನು ನೀನು ಮತ್ತೆ ಹೊತ್ತಿಸಿದ್ದೀಯ. ನೀನೇ ಬಂದು ಆರಿಸಬೇಕು.

ಹೇಳದೆ ಬಾ. ಯಾವ ದಿನ, ಯಾವ ಹೊತ್ತು ಬೇಕಾದರೂ ಬಾ. ಅಧಿಕಾರಿಯಾಗಿಯೇ ಬಾ, ನಾನು ಮೇಡಂ ಎಂದೇ ಕರೆಯುತ್ತೇನೆ. ಈ ಸಲ ದೂರದಲ್ಲಿ ನಿಂತು ಇನ್ನೊಬ್ಬರ ಕಣ್ಣಿಂದ ನೋಡಬೇಡ. ಬಾಗಿಲು ತೆರೆ, ಬಗ್ಗು, ತಲೆ ಒಳಗೆ ಹಾಕಿ ನಿನ್ನ ಕಣ್ಣಿಂದಲೇ ನೋಡು. ಅದಾದ ಮೇಲೂ ಇಲ್ಲ ಎಂದು ಬರೆದರೆ ನಾನು ತಲೆಬಾಗುತ್ತೇನೆ, ಹೆಂಗಸರಿಗೆ ನಾನೇ ಹೇಳಿ ಕಳಿಸುತ್ತೇನೆ. ನೋಡದೆ ಬರೆದದ್ದಕ್ಕೆ ಮಾತ್ರ ನಾನು ತಲೆಬಾಗುವವಳಲ್ಲ. ಮೊಂಡುತನ ನಿನಗೆ ಅಪ್ಪನಿಂದ ಬಂದದ್ದು ಎಂದು ಎಲ್ಲರೂ ಹೇಳುತ್ತಾರೆ. ಅವರಿಗೆ ಗೊತ್ತಿಲ್ಲ.

ಚಾದರಗಳು ಒಣಗಿದವು, ಮಡಚಲು ಕರೆಯುತ್ತಿದ್ದಾರೆ. ಹೊತ್ತು ಹೊತ್ತಿಗೆ ಊಟ ಮಾಡು. ಹೋದ ಸಲ ಬಂದಾಗ ನಿನ್ನ ಅಂಗಿಯ ಕಾಲರ್ ಸರಿಯಾಗಿ ಇಸ್ತ್ರಿಯಾಗಿರಲಿಲ್ಲ. ಇದನ್ನು ಹೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ಮೇಡಂಗೆ ಹೇಗೆ ಹೇಳುವುದು ಎಂದು ಸುಮ್ಮನಾದೆ.

ಇಂತಿ,
ನಿನ್ನ ಅಮ್ಮ
(ನಿಮ್ಮ ಕಚೇರಿಯ ಭಾಷೆಯಲ್ಲಿ, ಮಾಲೀಕರು)

ಮರೆತ ಮಾತು: ಮರೆತದ್ದಲ್ಲ, ಬರೆಯಬಾರದು ಎಂದುಕೊಂಡಿದ್ದೆ. ಅಂದು ನನ್ನ ಕಣ್ಣಿಗೆ ಮಸಿ ಬಿದ್ದಿರಲಿಲ್ಲ. ಬಾಯ್ಲರಿನ ಒಳಗೆ, ಬಾಗಿಲಿನ ಬಲಗಡೆ, ಇಟ್ಟಿಗೆಗೆ ಮೆತ್ತಿದ ಮಣ್ಣಿನ ಮೇಲೆ ಮಸಿ ಒರೆಸುತ್ತಿದ್ದಾಗ ಒಂದು ಅಂಗೈಯ ಅಚ್ಚು ಕಂಡಿತು. ಹೆಬ್ಬೆರಳು ಸೊಟ್ಟ. ಅದರ ನಡುವೆ ಇನ್ನೊಂದು ಪುಟ್ಟ ಅಂಗೈ, ಐದೂ ಬೆರಳು ಅಗಲಿಸಿ ಒತ್ತಿದ್ದು. ನಾನು ತಿಕ್ಕಿ ತೊಳೆದು ನಿನ್ನನ್ನು ಅಳಿಸಿದ ಆ ಬೂದು ಮಣ್ಣು ಯಾವುದು ಎಂದು ಆಗ ಗೊತ್ತಾಯಿತು. ನಿನ್ನ ಅಪ್ಪ ಒಲೆಯ ಒಳಗೋಡೆಗೆ ಹೊಸದಾಗಿ ಮಣ್ಣು ಮೆತ್ತಿದ ದಿನ ಅದು. ಬೆಂಕಿ ಉರಿಯುತ್ತಿದ್ದಷ್ಟು ಕಾಲ ಯಾರಿಗೂ ಕಾಣದೆ, ಬೆಂದು ಬೆಂದು ಕಲ್ಲಾಗಿದೆ. ಪರಿಶೀಲನೆಯ ದಿನ ನಾನು ಅದನ್ನು ತೋರಿಸಬಹುದಿತ್ತು. ತೋರಿಸಿದ್ದರೆ ನೀನು ಕಣ್ಣೀರಿಗೆ ಸಹಿ ಹಾಕುತ್ತಿದ್ದೆ, ಅಂಥ ಸಹಿ ನನಗೆ ಬೇಡವಾಗಿತ್ತು. ಈಗಲೂ ಅದು ನಿಮ್ಮ ದಾಖಲೆಗಲ್ಲ, ಫೋಟೋ ತೆಗೆಯಬೇಡಿ. ಮೊದಲು ನೋಡಿ ಬರೆಯಬೇಕಾದ್ದು ಬರೆದುಬಿಡು. ಆಮೇಲೆ ಕ್ಯಾಮೆರಾದವರನ್ನು ಟೀಗೆ ಕಳಿಸಿ, ಬಲಗಡೆ ಕೈ ಚಾಚು. ಪುಟ್ಟದರಲ್ಲಿ ನಿನ್ನ ಕೈ ಈಗ ಹಿಡಿಸುವುದಿಲ್ಲ, ದೊಡ್ಡದರಲ್ಲಿ ಇಡು. ಹೆದರಬೇಡ, ತಣ್ಣಗಿದೆ.